ದೀಪಿಕಾ ಪಳ್ಳಿಕಲ್ ನಾಲ್ಕು ವರ್ಷ ರಾಷ್ಟ್ರೀಯ ಟೂರ್ನಿ ಆಡದಿದ್ದದ್ದು ಯಾಕೆ?

2012ರ ಡಿಸೆಂಬರ್‌ನಲ್ಲಿ ದೀಪಿಕಾ ಪಳ್ಳಿಕಲ್ ವಿಶ್ವ ರ‍್ಯಾಂಕಿಂಗ್‌ನಲ್ಲಿ 10ನೇ ಸ್ಥಾನಕ್ಕೆ ಬಂದರು. ಗೋಡೆಗಳ ನಡುವಿನ ಕೋರ್ಟಿನಲ್ಲಿ ರ‍್ಯಾಕೆಟ್‌ನಿಂದ ಚೆಂಡನ್ನು ಗೋಡೆಗೆ ಹೊಡೆದು ಆಡುವ ಸ್ಕ್ವಾಷ್‌ನಲ್ಲಿ ಅಲ್ಲಿಯವರೆಗೆ ಭಾರತದ ಯಾವ ಹೆಣ್ಣುಮಗಳೂ ಮುಟ್ಟದ ಜಾಗ ಅದು. ಆಗ ಅವರಿಗೆ 21 ವರ್ಷ. ಆದರೆ ಅದೇ ವರ್ಷದಿಂದ ಅವರು ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗುವುದನ್ನೇ ಬಿಟ್ಟರು. ಗಾಯವಾಗಿರಲಿಲ್ಲ, ಆಟ ಕೈಕೊಟ್ಟಿರಲಿಲ್ಲ. ಗಂಡಸರಿಗೆ ಕೊಡುವಷ್ಟೇ ಬಹುಮಾನದ ದುಡ್ಡು ಹೆಂಗಸರಿಗೂ ಕೊಡುವವರೆಗೆ ಆಡುವುದಿಲ್ಲ ಎಂದು ಹಟ ಹಿಡಿದಿದ್ದರು.

2015ರಲ್ಲಿ ಗೆದ್ದ ಗಂಡಸಿಗೆ 1,20,000 ರೂಪಾಯಿ, ಗೆದ್ದ ಹೆಂಗಸಿಗೆ 50,000. ಕೋರ್ಟ್ ಅದೇ, ಚೆಂಡು ಅದೇ. ಕೋಚ್, ಫಿಸಿಯೊ, ವಿಮಾನದ ಟಿಕೆಟ್ ಹೆಂಗಸರಿಗೇನೂ ಅರ್ಧ ಬೆಲೆಗೆ ಸಿಗುವುದಿಲ್ಲ, ಅಲ್ವಾ?

ಈ ತಾರತಮ್ಯ ನಮ್ಮಲ್ಲಿ ಹುಟ್ಟಿದ್ದಲ್ಲ. ಹಾಗಂತ ಹೆಂಗಸರು ಈ ಆಟಕ್ಕೆ ತಡವಾಗಿ ಬಂದವರೂ ಅಲ್ಲ. ಬ್ರಿಟಿಷ್ ಓಪನ್‌ನಲ್ಲಿ ಹೆಂಗಸರ ಟೂರ್ನಿ ಶುರುವಾಗಿದ್ದು 1922ರಲ್ಲಿ, ಗಂಡಸರದ್ದಕ್ಕಿಂತ ಮೊದಲೇ. ಆಸ್ಟ್ರೇಲಿಯಾದ ಹೆದರ್ ಮೆಕೇ 1962ರಿಂದ 1977ರವರೆಗೆ ಅದನ್ನು ಸತತ 16 ಸಲ ಗೆದ್ದರು. ಮಲೇಷ್ಯಾದ ನಿಕೋಲ್ ಡೇವಿಡ್ 2006ರಿಂದ 2015ರವರೆಗೆ ನಂಬರ್ ಒನ್ ಪಟ್ಟ ಬಿಟ್ಟುಕೊಡಲಿಲ್ಲ. ಇಷ್ಟೆಲ್ಲಾ ಆದರೂ ಹೆಂಗಸರ ಆಟ ನಿಧಾನ, ನೋಡುವವರು ಕಡಿಮೆ ಎಂಬ ಮಾತು ನಿಲ್ಲಲಿಲ್ಲ.

ಇಲ್ಲಿ ಒಂದು ತಗಡಿನ ಕಥೆ ಹೇಳಲೇಬೇಕು. ಕೋರ್ಟಿನ ಮುಂದಿನ ಗೋಡೆಯ ಬುಡದಲ್ಲಿ ಒಂದು ತಗಡಿನ ಪಟ್ಟಿ ಇರುತ್ತದೆ. ಆಟಗಾರರು ಅದನ್ನು ಟಿನ್ ಅನ್ನುತ್ತಾರೆ. ಚೆಂಡು ಅದಕ್ಕೆ ಬಡಿದು ಢಣ್ ಅಂದರೆ ಪಾಯಿಂಟ್ ಹೋಯಿತು. ವೃತ್ತಿಪರ ಟೂರ್ನಿಗಳಲ್ಲಿ ಗಂಡಸರಿಗೆ ಟಿನ್ 17 ಇಂಚು, ಹೆಂಗಸರಿಗೆ 19 ಇಂಚು ಇತ್ತು. ಎರಡು ಇಂಚು ಏನು ಮಹಾ ಅನ್ನಿಸಬಹುದು. ಆದರೆ ಟಿನ್ ತಗ್ಗಿದಷ್ಟೂ ಚೆಂಡನ್ನು ಕೆಳಗೆ ಹೊಡೆದು ಮುಂದಿನ ಮೂಲೆಯಲ್ಲೇ ಸಾಯಿಸಬಹುದು. ಎತ್ತರ ಇದ್ದರೆ ಚೆಂಡು ಪುಟಿದು ಎದುರಾಳಿಯ ಕೈಗೆ ಸಿಗುತ್ತದೆ, ರ‍್ಯಾಲಿ ಎಳೆಯುತ್ತಾ ಹೋಗುತ್ತದೆ. ಆಟ ನಿಧಾನ ಎಂದು ದೂರುತ್ತಿದ್ದವರಿಗೆ ಆ ಎರಡು ಇಂಚು ಕಾಣಲೇ ಇಲ್ಲ ಅನ್ನುವುದು ನನಗೆ ಈಗಲೂ ಸಂಕಟದ ವಿಷಯ. 2015ರಲ್ಲಿ ಹೆಂಗಸರ ಸಂಸ್ಥೆ ಗಂಡಸರ ಸಂಸ್ಥೆಯ ಜೊತೆ ಒಂದಾಯಿತು. ಅದೇ ವರ್ಷ ಹೆಂಗಸರಿಗೂ ಟಿನ್ 17 ಇಂಚಿಗೆ ಇಳಿಯಿತು.

ದುಡ್ಡಿನ ವಿಷಯದಲ್ಲಿ 2013ರ ಸ್ಕ್ವಾಷ್ ಯುಎಸ್ ಓಪನ್ ಇಬ್ಬರಿಗೂ ಸಮ ಬಹುಮಾನ ಕೊಟ್ಟು ಮೊದಲು ದಾರಿ ತೋರಿಸಿತು. ವಿಶ್ವ ಚಾಂಪಿಯನ್‌ಷಿಪ್ ಆ ಹಂತಕ್ಕೆ ಬರಲು 2017 ಆಗಬೇಕಾಯಿತು.

ದೀಪಿಕಾ ಕಾಯುತ್ತಿದ್ದಾಗ ಸುಮ್ನೆ ಕೂತಿರಲಿಲ್ಲ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜೋಷ್ನಾ ಚಿಣ್ಣಪ್ಪ ಜೊತೆ ಡಬಲ್ಸ್ ಚಿನ್ನ ಗೆದ್ದರು. ಆ ಕೂಟದ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಹೊರಗೆ ದೇಶಕ್ಕಾಗಿ ಆಡುತ್ತಾ, ಮನೆಯ ಟೂರ್ನಿಯನ್ನು ಮಾತ್ರ ಬಿಟ್ಟುಕೊಟ್ಟರು. ಆಟಗಾರ್ತಿಯೊಬ್ಬಳಿಗೆ ಕಸುವಿರುವ ವರ್ಷಗಳು ಎಷ್ಟು ಕಡಿಮೆ ಎಂದು ಗೊತ್ತಿರುವವರಿಗೆ ಅದರ ಬೆಲೆ ಅರ್ಥವಾಗುತ್ತದೆ.

2016ರಲ್ಲಿ ಬಹುಮಾನ ಸಮವಾಯಿತು. ದೀಪಿಕಾ ಮುಂಬೈಗೆ ಬಂದರು. ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಅದೇ ಜೋಷ್ನಾ. ಮೊದಲ ಗೇಮ್ ಕಳೆದುಕೊಂಡರೂ ಮುಂದಿನ ಮೂರನ್ನೂ ಗೆದ್ದು ದೀಪಿಕಾ ಟ್ರೋಫಿ ಎತ್ತಿದರು.

2023ರಲ್ಲಿ ಅದೇ ಪ್ರಶಸ್ತಿ ಗೆದ್ದ ಅನಾಹತ್ ಸಿಂಗ್‌ಗೆ 15 ವರ್ಷ. ಮುಂಬೈ ಫೈನಲ್ ನಡೆದಾಗ ಆಕೆ ಎಂಟು ವರ್ಷದ ಹುಡುಗಿ.