ತಂಬಿಗೆ ಸ್ವಲ್ಪ ದೂರ ಇಡಿ

ತೂಕ ಇಳಿಸುವ ಆಪರೇಷನ್‌ಗೆ ತಯಾರಾಗಿ ಬೆಳಗಾವಿಯ ನಮ್ಮ ಕ್ಲಿನಿಕ್‌ಗೆ ಬರುವವರು ನನ್ನ ಎದುರು ಕೂತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಹೊಟ್ಟಿ ಸಣ್ಣದಾದ್ರ ಎಲ್ಲಾ ತಾನ ಸರಿ ಆಗ್ತೈತಿ ಬಿಡ್ರಿ ಮೇಡಮ್ಮರ." ಗೋಕಾಕದವರೂ ಹೇಳುತ್ತಾರೆ, ಅಥಣಿಯವರೂ ಹೇಳುತ್ತಾರೆ, ಜಮಖಂಡಿಯಿಂದ ಬಸ್ ಹತ್ತಿ ಬಂದವರೂ ಹೇಳುತ್ತಾರೆ. ಹೇಳಿ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಳಗೊಳಗೇ ತಲೆ ಬಿಸಿಯಾಗುತ್ತದೆ.

ಸರ್ಜನ್ ಹೊಟ್ಟೆಯನ್ನು ಸಣ್ಣದು ಮಾಡಿ ಕೊಡುತ್ತಾರೆ. ನಲವತ್ತು ವರ್ಷದಿಂದ ಊಟದ ನಡುವೆ ತಂಬಿಗೆ ಎತ್ತುತ್ತಾ ಬಂದ ಕೈ ಹಾಗೇ ಇರುತ್ತದೆ. ತುತ್ತು ಬಾಯಿಗೆ ಹೋದ ಕೂಡಲೇ ಇನ್ನೊಂದು ತುತ್ತು ಮುರಿಯುವ ಬೆರಳುಗಳೂ ಹಾಗೇ ಇರುತ್ತವೆ. ಅದಕ್ಕೇ ಆಪರೇಷನ್‌ಗೆ ಒಂದೂವರೆ ಎರಡು ತಿಂಗಳು ಮೊದಲೇ ಊಟದ ರೀತಿ ಅಭ್ಯಾಸ ಮಾಡಿ ಅಂತ ನಾವು ಹೇಳುವುದು.

ಯಾರಿಗೆ ಆಪರೇಷನ್ ಬೇಕು, ಸ್ಲೀವ್ (ಹೊಟ್ಟೆಯ ಬಹುಭಾಗ ತೆಗೆದುಹಾಕುವುದು) ಒಳ್ಳೆಯದೋ ಬೈಪಾಸ್ (ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸುವುದು) ಒಳ್ಳೆಯದೋ, ಖರ್ಚು ಎಷ್ಟು, ಅದೆಲ್ಲ ನಿಮ್ಮ ಸರ್ಜನ್ ಜತೆಗಿನ ಮಾತು. ನಾನು ಆಹಾರ ತಜ್ಞೆ. ನನ್ನ ತಕರಾರು ಇರುವುದು ತಂಬಿಗೆಯ ಬಗ್ಗೆ.

ಕಬ್ಬಿನ ಸೀಸನ್‌ನಲ್ಲಿ ಲಾರಿ ಓಡಿಸುವ ಒಬ್ಬರು ಬಂದಿದ್ದರು. ಊಟದ ಜತೆ ನೀರು ಕುಡಿಯುತ್ತೀರಾ ಅಂತ ಕೇಳಿದೆ. "ಇಲ್ರಿ, ಊಟ ಮುಗದ ಮ್ಯಾಲ ಒಂದ್ ಗುಟುಕು" ಅಂದರು. ಮುಂದಿನ ಸಲ ಬರುವಾಗ ಬುತ್ತಿ ಕಟ್ಟಿಸಿಕೊಂಡು ಬನ್ನಿ, ನನ್ನ ಎದುರೇ ಉಣ್ಣಿ ಅಂದೆ. ಬಂದರು. ಎರಡು ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೇಲೆ ಕೆಂಪು ರಂಜಕ. ಗೋಡೆ ಗಡಿಯಾರ ನೋಡುತ್ತಾ ಕೂತೆ. ಆರು ನಿಮಿಷದಲ್ಲಿ ಡಬ್ಬಿ ಖಾಲಿ. ನಡುವೆ ನಾಲ್ಕು ಸಲ ಬಾಟಲಿ ಎತ್ತಿದರು. ಎಷ್ಟು ಸಲ ನೀರು ಕುಡಿದಿರಿ ಅಂತ ಕೇಳಿದರೆ, "ಒಮ್ಮಿ ಕುಡದಿರಬೇಕ್ ನೋಡ್ರಿ" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಕಾರ್ಖಾನೆ ಗೇಟಿನ ಮುಂದೆ ಸಾಲು ಸರಿಯುವುದರೊಳಗೆ ಉಂಡು ಮುಗಿಸಬೇಕಾದ ಮನುಷ್ಯ. ನೀರು ಹೊಡೆದೇ ತುತ್ತು ಇಳಿಸಬೇಕು. ಇದನ್ನು ಅವರಿಗೆ ಯಾರೂ ಕಲಿಸಿಲ್ಲ, ಕೆಲಸವೇ ಕಲಿಸಿದೆ.

ಮನೆಯಲ್ಲಿ ಉಣ್ಣುವವರದು ಇನ್ನೊಂದು ಕತೆ. ನಮ್ಮ ಕಡೆ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಬಿಸಿ ರೊಟ್ಟಿ ಬಂತೆಂದರೆ ಹಿಂದಿನದನ್ನು ಮುಗಿಸಲೇಬೇಕು, ಅಲ್ವಾ? ಉಣ್ಣುವವನ ವೇಗ ಬಡಿಯುವವಳ ಕೈಯಲ್ಲಿರುತ್ತದೆ. ಅದಕ್ಕೇ ನಾನು ಮನೆಯವರನ್ನೂ ಕರೆದುಕೊಂಡು ಬನ್ನಿ ಅನ್ನುವುದು. ತಾಟಿಗೆ ಒಮ್ಮೆ ಬಡಿಸಿ, ಆಮೇಲೆ ಬಡಿಸಬೇಡಿ ಅಂತ ಅವರಿಗೂ ಹೇಳಬೇಕಾಗುತ್ತದೆ.

ಈಗ ತಂಬಿಗೆ ಯಾಕೆ ದೂರ ಇಡಬೇಕು ಅನ್ನುವುದು. ಇದನ್ನು ವಾರಕ್ಕೆ ಹತ್ತು ಸಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಸಾಮಾನ್ಯ ಹೊಟ್ಟೆ ಹಿಗ್ಗಿದರೆ ಒಂದು ಲೀಟರಿಗಿಂತ ಹೆಚ್ಚು ಹಿಡಿಯುತ್ತದೆ. ಸ್ಲೀವ್ ಆಪರೇಷನ್‌ನಲ್ಲಿ ಅದರ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯೇ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ, ಸುಮಾರು 100ರಿಂದ 150 ಮಿಲಿ. ಬೈಪಾಸ್‌ನಲ್ಲಿ ಮೇಲೆ ಮಾಡುವ ಚೀಲ ಇನ್ನೂ ಸಣ್ಣದು, 30 ಮಿಲಿ ಆಸುಪಾಸು, ಅಂದರೆ ಎರಡು ದೊಡ್ಡ ಚಮಚದಷ್ಟು. ಅದರೊಳಗೆ ನಾಲ್ಕು ತುತ್ತು ರೊಟ್ಟಿ ಕೂತಿದೆ ಅಂದುಕೊಳ್ಳಿ. ಮೇಲಿಂದ ನೀವು ಅರ್ಧ ತಂಬಿಗೆ ನೀರು ಸುರಿಯುತ್ತೀರಿ. ಅದು ಎಲ್ಲಿಗೆ ಹೋಗಬೇಕು?

ಮೇಲಕ್ಕೆ ಬರಬಹುದು. ಎದೆ ಬಿಗಿದು, ಬಾಯಲ್ಲಿ ನೊರೆ ಬಂದು, ವಾಂತಿಯಾಗುತ್ತದೆ. ಇಲ್ಲವೇ ತಿಂದದ್ದನ್ನು ಎಳೆದುಕೊಂಡು ಬೇಗ ಕೆಳಕ್ಕೆ ಇಳಿಯಬಹುದು. ಆಗ ಹೊಟ್ಟೆ ತುಂಬಿದ ಭಾವನೆ ಬೇಗ ಕರಗುತ್ತದೆ, ಒಂದು ಗಂಟೆಗೇ ಮತ್ತೆ ಏನಾದರೂ ಬೇಕು ಅನಿಸುತ್ತದೆ. ಅಷ್ಟು ಖರ್ಚು ಮಾಡಿ, ನೋವು ತಿಂದು ಪಡೆದ ಸಣ್ಣ ಹೊಟ್ಟೆ ನೀರಿನ ಜತೆ ಜಾರಿಹೋದ ಹಾಗೆ. ಇನ್ನೊಂದು ಸಾಧ್ಯತೆಯೂ ಇದೆ. ನೀರೇ ಜಾಗ ಹಿಡಿದುಬಿಟ್ಟರೆ ಕಾಳು, ಪನೀರು, ಮೊಟ್ಟೆ ಒಳಗೆ ಹೋಗುವುದಿಲ್ಲ. ಆಪರೇಷನ್ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಅಂತ ನಾವು ಗುರಿ ಇಡುತ್ತೇವೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ. ಲೆಕ್ಕ ಹಾಕಿ ನೋಡಿ, ದಿನವಿಡೀ ಅದೇ ಕೆಲಸ. ಮೊಟ್ಟೆ ಮುಟ್ಟದ ಮನೆಗಳವರಿಗೆ ಇನ್ನೂ ಕಷ್ಟ. "ಶೇಂಗಾ ತಿಂತೀವಲ್ರಿ" ಅನ್ನುತ್ತಾರೆ. ಶೇಂಗಾದಲ್ಲಿ ಪ್ರೋಟೀನ್ ಇದೆ, ನಿಜ. ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೂ ಇದೆ. ಚಟ್ನಿ ಪುಡಿಯಷ್ಟಕ್ಕೆ ಇರಲಿ.

ನಾನು ಹೇಳುವ ಲೆಕ್ಕ ಇದು. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಿ. ಊಟದ ಜತೆ ಬೇಡ. ಊಟ ಆದ ಮೇಲೆ ಇನ್ನೊಂದು ಅರ್ಧ ಗಂಟೆ ಕಾಯಿರಿ. ಕೆಲವು ಕಡೆ ಮೊದಲು ಕಾಲು ಗಂಟೆ ಸಾಕು ಅನ್ನುತ್ತಾರೆ, ಕೆಲವರು ಆಮೇಲೆ ಒಂದು ಗಂಟೆ ಬೇಕು ಅನ್ನುತ್ತಾರೆ. ನಿಮ್ಮ ಆಸ್ಪತ್ರೆಯವರು ಬರೆದುಕೊಟ್ಟದ್ದನ್ನೇ ಮಾಡಿ. ನಿಮಿಷದ ಬಗ್ಗೆ ಜಗಳ ಬೇಡ.

ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆ: "ನೀರ ಬ್ಯಾಡ, ಆತು. ಸಾರು ನಡೀತದಲ್ರಿ?"

ನಡೆಯುವುದಿಲ್ಲ. ಅನ್ನದ ಮೇಲೆ ತೆಳ್ಳಗಿನ ಸಾರು ಸುರಿದು ಕೈಯಲ್ಲಿ ಕಲಸಿ ಸುರ್ ಅಂತ ಎಳೆದರೆ ಅದು ನೀರು ಕುಡಿದ ಹಾಗೇ. ಕೊನೆಗೆ ಕುಡಿಯುವ ಮಜ್ಜಿಗೆಯೂ ನೀರೇ. ಊಟ ಆದ ತಕ್ಷಣದ ಚಹಾನೂ ನೀರೇ. ಗಟ್ಟಿ ಮೊಸರು ಊಟ. ಕಡೆದು ನೀರು ಹಾಕಿದರೆ ಅದೇ ಮೊಸರು ಪಕ್ಷ ಬದಲಿಸುತ್ತದೆ.

ಇದರ ತಿರುವುಮುರುವು ಮಾಡಿಕೊಂಡು ಬರುವವರೂ ಇದ್ದಾರೆ. ನೀರು ಬೇಡ ಅಂದಿದ್ದನ್ನು ಮಾತ್ರ ಕೇಳಿಸಿಕೊಂಡು ದಿನವಿಡೀ ನೀರನ್ನೇ ಬಿಟ್ಟವರು. ವಿಜಯಪುರದ ಕಡೆಯ ಒಬ್ಬ ತಾಯಿ ಏಪ್ರಿಲ್ ತಿಂಗಳಲ್ಲಿ ಹೀಗೆ ಮಾಡಿ, ತಲೆ ತಿರುಗಿ ಬಿದ್ದೇ ಬಿಟ್ಟರು. ಅಲ್ಲಿ ಆಗ 40 ಡಿಗ್ರಿ ದಾಟುವ ಬಿಸಿಲು. ಆಪರೇಷನ್ ಆದವರು ವಾಪಸ್ ಆಸ್ಪತ್ರೆ ಸೇರುವುದಕ್ಕೆ ಮೈಯಲ್ಲಿ ನೀರು ಕಡಿಮೆಯಾಗುವುದೂ ಒಂದು ದೊಡ್ಡ ಕಾರಣ. ದಿನಕ್ಕೆ ಒಂದೂವರೆ ಲೀಟರಾದರೂ ಬೇಕು, ಆದರೆ ಗಟಗಟ ಅಲ್ಲ, ಗುಟುಕು ಗುಟುಕಾಗಿ. ಎಚ್ಚರ ಇರುವ ಹದಿನೈದು ತಾಸಿಗೆ ಹಂಚಿದರೆ ತಾಸಿಗೆ 100 ಮಿಲಿ. ಮನೆಯ ಚಹಾ ಗ್ಲಾಸಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ಅಳೆದುಕೊಳ್ಳಿ. ಅದನ್ನು ಐದಾರು ಗುಟುಕಿನಲ್ಲಿ ಮುಗಿಸುವುದನ್ನು ಈಗಿನಿಂದಲೇ ಕಲಿಯಿರಿ.

ನಾನೂ ಒಂದು ವಾರ ಮಾಡಿ ನೋಡಿದ್ದೇನೆ. ಹೇಳುವುದು ಸುಲಭ, ಮಾಡಿದರೆ ಗೊತ್ತಾಗುತ್ತದೆ. ಮೂರನೇ ದಿನ ಮಧ್ಯಾಹ್ನ ಎಣ್ಣೆಗಾಯಿ ಜತೆ ರಂಜಕ ನೆಕ್ಕಿ, ಕಣ್ಣಲ್ಲಿ ನೀರು ಬಂದು, ಮಗಳ ಕೈಯಲ್ಲಿದ್ದ ಬಾಟಲಿ ಕಸಿದುಕೊಂಡು ಕುಡಿದೆ. ಅವತ್ತಿನಿಂದ ರೋಗಿಗಳಿಗೆ ಖಾರ ಕಡಿಮೆ ಮಾಡಿ ಅಂತಲೂ ಹೇಳುತ್ತೇನೆ. ಖಾರ ಇದ್ದಷ್ಟೂ ಕೈ ತಂಬಿಗೆ ಕಡೆ ಓಡುತ್ತದೆ.

ಇದೆಲ್ಲ ಆಪರೇಷನ್ ಆದ ಮೇಲೆ ಕಲಿತರಾಗದೇ ಅಂತ ನೀವು ಕೇಳಬಹುದು. ಇಲ್ಲೇ ಜನ ಮೋಸ ಹೋಗುವುದು. ಆಪರೇಷನ್ ಆದ ಮೊದಲ ಎರಡು ವಾರ ಬರೀ ತೆಳ್ಳಗಿನದು. ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಆ ದಿನಗಳಲ್ಲಿ ಎಲ್ಲರೂ ಪಾಸ್. ಉಣ್ಣುವುದೇ ತೆಳ್ಳಗಿರುವಾಗ ನೀರು ಬೇರೆ, ಊಟ ಬೇರೆ ಅನ್ನುವ ಪರೀಕ್ಷೆಯೇ ಬರುವುದಿಲ್ಲ. ಪರೀಕ್ಷೆ ಬರುವುದು ಒಂದೂವರೆ ತಿಂಗಳ ಹೊತ್ತಿಗೆ. ರೊಟ್ಟಿ ಮುರಿಯುವ ದಿನ. ಅಷ್ಟರಲ್ಲಿ ಆಸ್ಪತ್ರೆಯವರ ಫೋನ್ ಕಡಿಮೆಯಾಗಿರುತ್ತದೆ, ಮನೆಯವರಿಗೆ ಧೈರ್ಯ ಬಂದಿರುತ್ತದೆ, ಊರಲ್ಲಿ ಯಾರದೋ ಮದುವೆ ಇರುತ್ತದೆ. ಕೈ ಹಳೇ ದಾರಿ ಹಿಡಿಯುತ್ತದೆ. ತುತ್ತು ಸಿಕ್ಕಿಹಾಕಿಕೊಂಡಿತೆಂದು ನೀರು ಕುಡಿಯುತ್ತಾರೆ, ಅದರಿಂದ ಇನ್ನೂ ಜಾಸ್ತಿ ಬಿಗಿಯುತ್ತದೆ.

ಒಂದು ಎಚ್ಚರಿಕೆ. ಆಪರೇಷನ್ ಆದವರಿಗೆ ದಿನಾ ವಾಂತಿ ಆಗುತ್ತಿದ್ದರೆ "ರೂಢಿ ಆಗ್ತೈತಿ ಬಿಡು" ಅಂತ ಮನೆಯಲ್ಲಿ ಕೂರಬೇಡಿ. ಬಿಡದೆ ವಾಂತಿಯಾದರೆ ಮೈಯಲ್ಲಿ ಥಯಾಮಿನ್ ಅನ್ನುವ ವಿಟಮಿನ್ ಬರಿದಾಗಿ ನರಕ್ಕೂ ಮೆದುಳಿಗೂ ಪೆಟ್ಟು ಬೀಳಬಹುದು. ಅವತ್ತೇ ಆಸ್ಪತ್ರೆಗೆ ಹೇಳಿ.

ಇನ್ನು ಆಪರೇಷನ್‌ಗೆ ಮುಂಚಿನ ಕೊನೇ ಎರಡು ವಾರದ ಪಥ್ಯ. ಇದನ್ನೂ ಅಭ್ಯಾಸವನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಬೇರೆ. ಅಭ್ಯಾಸ ನಿಮ್ಮ ಕೈಗೆ, ಬಾಯಿಗೆ. ಈ ಪಥ್ಯ ನಿಮ್ಮ ಲಿವರ್‌ಗೆ. ಲಿವರ್‌ನ ಎಡಭಾಗ ಹೊಟ್ಟೆಯ ಮೇಲೆ ಮುಚ್ಚಿಕೊಂಡಿರುತ್ತದೆ. ಕೊಬ್ಬು ತುಂಬಿ ದಪ್ಪಗಾಗಿದ್ದರೆ ಸರ್ಜನ್‌ಗೆ ಅದನ್ನು ಎತ್ತಿ ಹಿಡಿದು ಕೆಲಸ ಮಾಡುವುದು ಕಷ್ಟ. ಅನ್ನ, ರೊಟ್ಟಿ, ಸಕ್ಕರೆ ಬಹಳ ಕಡಿಮೆ ಮಾಡಿದರೆ ಅದರಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಅದೂ ಹೋಗುತ್ತದೆ. ಸ್ವಲ್ಪ ಕೊಬ್ಬೂ ಕರಗಿ ಲಿವರ್ ಕುಗ್ಗುತ್ತದೆ. ಮೊದಲ ವಾರ ತೂಕ ಸರ್ರನೆ ಇಳಿಯುವುದೂ ಬಹುಪಾಲು ಈ ನೀರಿನಿಂದಲೇ. "ನಾಕ್ ಕೆಜಿ ಇಳೀತ್ರಿ, ಆಪರೇಷನ್ನ ಬ್ಯಾಡ" ಅಂತ ಫೋನ್ ಮಾಡುವವರು ದಯವಿಟ್ಟು ಇನ್ನೊಂದು ವಾರ ತಡೆಯಿರಿ.

ಸಕ್ಕರೆ ಕಾಯಿಲೆ ಇದ್ದವರು ಈ ಪಥ್ಯವನ್ನು ಸ್ವಂತ ಬುದ್ಧಿಯಿಂದ ಶುರು ಮಾಡಲೇಬಾರದು. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾ ಊಟ ಅರ್ಧಕ್ಕೆ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳಬಹುದು. ಡಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳಲ್ಲಿ ಬೇರೆಯೇ ತೊಂದರೆ ಇದೆ. ಡಾಕ್ಟರ್ ಡೋಸ್ ಬದಲಿಸಿ ಬರೆದುಕೊಟ್ಟ ಮೇಲೆಯೇ ಶುರು ಮಾಡಿ.

ಇನ್ನು ಊಟಕ್ಕೆ ವಿದಾಯ ಹೇಳುವವರು. ಆಪರೇಷನ್ ದಿನ ಗೊತ್ತಾದ ಕೂಡಲೇ ನೆಂಟರ ಮನೆ ಮನೆಗೆ ಹೋಗಿ ಹೋಳಿಗೆ ಉಂಡು ಬರುತ್ತಾರೆ. ಶಹಾಪುರದಲ್ಲಿ ಅಂಗಡಿ ಇರುವ ಒಬ್ಬರು ಪಥ್ಯ ಶುರುವಾಗುವ ಮುಂಚಿನ ವಾರ ದಿನಾ ಕುಂದಾ ತಿಂದು, ಹಿಂದಿನ ಎರಡು ತಿಂಗಳಲ್ಲಿ ಇಳಿಸಿದ್ದನ್ನೆಲ್ಲ ವಾಪಸ್ ತಂದರು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಚೀಲದಿಂದ ನನಗೂ ಒಂದು ಡಬ್ಬಿ ತೆಗೆದು ಟೇಬಲ್ ಮೇಲಿಟ್ಟರು. ಇಂಥವರನ್ನು ಏನು ಮಾಡುವುದು ಹೇಳಿ.

ಎಲ್ಲರೂ ಹೀಗಿಲ್ಲ. ಬೈಲಹೊಂಗಲ ಕಡೆಯ ಒಬ್ಬ ಶಾಲಾ ಟೀಚರ್ ಆರು ವಾರ ಅಭ್ಯಾಸ ಮಾಡಿದರು. ಸಣ್ಣ ತಾಟು, ಸಣ್ಣ ಚಮಚ. ತುತ್ತು ಬಾಯಲ್ಲಿ ನುಣ್ಣಗಾಗುವವರೆಗೆ ಅಗಿಯುವುದು, ಊಟಕ್ಕೆ ಇಪ್ಪತ್ತು ನಿಮಿಷ. ಮೊದಲು ಕಾಳು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ಅವರಿಗೆ ಅಡ್ಡ ಬಂದದ್ದು ಅತ್ತೆ. ಸೊಸೆ ಮಜ್ಜಿಗೆ ಮುಟ್ಟದೆ ಏಳುತ್ತಾಳೆ ಅಂದರೆ ತನ್ನ ಮೇಲೆ ಸಿಟ್ಟು ಅಂತ ಅವರ ಲೆಕ್ಕ. ಅತ್ತೆಯನ್ನು ಕರೆಸಿ ಚಿತ್ರ ಬರೆದು ತೋರಿಸಿದೆ. "ಹಂಗಾರ ನಾಕ್ ಗಂಟೇಕ್ಕ ಕೊಡ್ತೀನಿ ತಗೋ" ಅಂದರು ಆ ಅಜ್ಜಿ. ನಾನು ಹತ್ತು ನಿಮಿಷ ತಲೆ ಕೆಡಿಸಿಕೊಂಡದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಲಾರಿಯವರ ಆಪರೇಷನ್ ಆಗಿ ಈಗ ಐದು ತಿಂಗಳು. ಅವರು ಕಲಿಯಲು ಉಳಿದವರಿಗಿಂತ ಜಾಸ್ತಿ ದಿನ ತೆಗೆದುಕೊಂಡರು. ಬಾಟಲಿಯನ್ನು ಕ್ಲೀನರ್ ಹುಡುಗನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಅಂತ ಹೇಳಿ ಉಣ್ಣುತ್ತಿದ್ದರಂತೆ. ಮೊನ್ನೆ ಮಧ್ಯಾಹ್ನ ಫೋನ್ ಮಾಡಿದರು. "ಮೇಡಮ್ಮರ, ನುಚ್ಚು ಮಜ್ಜಿಗಿ ಊಟೇನ್ರಿ, ನೀರೇನ್ರಿ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಗಟ್ಟಿ ಇದ್ದರೆ ಊಟ, ಕುಡಿಯುವಷ್ಟು ತೆಳ್ಳಗಿದ್ದರೆ ನೀರು ಅಂದೆ. "ನಡುವಂತ್ರ ಐತ್ರಿ" ಅಂದರು. ಸರಿ, ಫೋಟೋ ಕಳಿಸಿ ಅಂದೆ. ಬಂತು. ಸ್ಟೀಲ್ ಬಟ್ಟಲು, ಒಳಗೆ ನುಚ್ಚು, ಸುತ್ತ ತೆಳ್ಳಗೆ ಮಜ್ಜಿಗೆ. ಮಜ್ಜಿಗೆ ಬಸಿದು ತೆಗೆದಿಡಿ, ಅರ್ಧ ತಾಸು ಬಿಟ್ಟು ಕುಡಿಯಿರಿ ಅಂತ ಬರೆದು ಕಳಿಸಿದೆ. ಆ ಕಡೆಯಿಂದ ಕೈಮುಗಿದ ಚಿತ್ರ ಬಂತು. ಅದರ ಹಿಂದೆಯೇ ಇನ್ನೊಂದು ಸಾಲು: "ಈಗ ಮುಗಸಿಬಿಟ್ಟೆನಲ್ರಿ."