ಕಣ್ಣು ಹಿಂದೆ, ಕೈ ಗೇರಿನ ಮೇಲೆ

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿಗೆ ಟ್ರೇಲರ್ ಜೋಡಿಸುವವರ ಬಲಗೈಯನ್ನು ಗಮನಿಸಬೇಕು. ಟ್ರಕ್ಕಿನ ಹಿಂತುದಿಯಲ್ಲಿರುವ ಕಬ್ಬಿಣದ ಗುಂಡಿನ ಮೇಲೆ ಟ್ರೇಲರಿನ ಮೂತಿ ಸರಿಯಾಗಿ ಕೂರಬೇಕು. ನಾಲ್ಕು ಬೆರಳು ಆಚೀಚೆಯಾದರೂ ಕೂರುವುದಿಲ್ಲ. ರಿವರ್ಸ್, ಒಂದಿಷ್ಟು ಮುಂದೆ, ಮತ್ತೆ ರಿವರ್ಸ್. ಕಣ್ಣು ಕನ್ನಡಿಯಲ್ಲೋ ಹಿಂಬದಿಯ ಕ್ಯಾಮೆರಾದ ಪರದೆಯಲ್ಲೋ ನೆಟ್ಟಿರುತ್ತದೆ. ಗೇರನ್ನು ಹುಡುಕುವ ಕೆಲಸವೆಲ್ಲ ಕೈಯದೇ. ಗೇರ್ ಲಿವರ್ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ನಾನು ನೋಡುವುದು ಈ ಕೈಯ ಕಡೆಯಿಂದ.

ಅಲ್ಲಿನ ಆಟೋಮ್ಯಾಟಿಕ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಲಿವರ್ ಸ್ಟೀರಿಂಗ್ ಚಕ್ರದ ಹಿಂದಿನ ಕಾಲಂನಲ್ಲಿರುತ್ತದೆ, ಇಲ್ಲವೇ ಎರಡು ಸೀಟುಗಳ ನಡುವಿನ ಕನ್ಸೋಲ್‌ನಲ್ಲಿರುತ್ತದೆ. ಕಾಲಂ ಗೇರ್ ನಮಗೂ ಹೊಸದಲ್ಲ. ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಅದರ ನೆನಪಿದ್ದೇ ಇರುತ್ತದೆ. ಆ ಗೇರನ್ನು ಕ್ಲಚ್ ತುಳಿದು ಬದಲಿಸಬೇಕಿತ್ತು, ಅಷ್ಟೇ ವ್ಯತ್ಯಾಸ. ಮುಂದೆ ಅಡ್ಡಲಾಗಿ ಒಂದೇ ಉದ್ದನೆಯ ಸೀಟು, ಮಧ್ಯದಲ್ಲಿ ಕೂತವರ ಕಾಲಿಗೆ ಲಿವರಿನ ಅಡ್ಡಿಯಿಲ್ಲ. ಅಮೆರಿಕದಲ್ಲಿ ಲಿವರ್ ನೆಲ ಬಿಟ್ಟು ಮೇಲೇರಿದ್ದರಿಂದ ದೊರೆತ ಅನುಕೂಲವೂ ಇದೇ. 1938ರಲ್ಲಿ ಪಾಂಟಿಯಾಕ್ ಕಾರುಗಳಿಗೆ ಕಾಲಂ ಗೇರ್ ಬಂತು. 1940ರ ಮಾದರಿಯ ಓಲ್ಡ್ಸ್‌ಮೊಬಿಲ್‌ನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಾಗ ಅದರ ಲಿವರ್ ಕೂಡ ಅಲ್ಲಿಯೇ ನೆಲೆಸಿತು. ಮುಂದೆ ಕಾರುಗಳು ಬಿಡಿ ಸೀಟು, ಕನ್ಸೋಲ್‌ಗಳ ಕಡೆ ಹೊರಳಿದವು. ಮುಂದಿನ ಸೀಟಿನಲ್ಲಿ ಮೂವರು ಕೂತು ಕೆಲಸಕ್ಕೆ ಹೋಗುವ ಪಿಕಪ್ ಮಾತ್ರ ಕಾಲಂ ಗೇರನ್ನು ಬಿಟ್ಟುಕೊಡಲಿಲ್ಲ.

ಆಟೋಮ್ಯಾಟಿಕ್ ವಾಹನದಲ್ಲಿ ಲಿವರ್ ನೇರವಾಗಿ ಗೇರ್ ಬದಲಿಸುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಅದು ಒಂದು ಕೇಬಲ್ ಅಥವಾ ಸರಳಿನ ಮೂಲಕ ಗೇರ್‌ಬಾಕ್ಸಿನೊಳಗಿನ ಕವಾಟವೊಂದನ್ನು ಸರಿಸುತ್ತದೆ. ಎಣ್ಣೆ ಯಾವ ದಾರಿಯಲ್ಲಿ ಹರಿಯಬೇಕೆಂದು ಆ ಕವಾಟ ನಿರ್ಧರಿಸುತ್ತದೆ. ‘ಪಿ’, ಅಂದರೆ ವಾಹನ ನಿಲ್ಲಿಸಿಡುವ ‘ಪಾರ್ಕ್’ ಸ್ಥಾನದ ಕೆಲಸವೇ ಬೇರೆ. ಅಲ್ಲಿ ಉಕ್ಕಿನ ಒಂದು ಕೊಕ್ಕೆ ಗೇರ್‌ಬಾಕ್ಸಿನಿಂದ ಹೊರಬರುವ ದಂಡದ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡೂವರೆ ಟನ್ ತೂಗುವ ಟ್ರಕ್ಕನ್ನು 10 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸಿದರೆ, ಅದನ್ನು ಕೆಳಗೆ ಎಳೆಯುವ ಬಲ ಸುಮಾರು 430 ಕಿಲೋ ತೂಕಕ್ಕೆ ಸಮ. ಹ್ಯಾಂಡ್ ಬ್ರೇಕ್ ಹಾಕದೆ ಹೋದರೆ ಆ ಎಳೆತವನ್ನೆಲ್ಲ ತಡೆಯಬೇಕಾದದ್ದು ಆ ಪುಟ್ಟ ಕೊಕ್ಕೆ. ಮತ್ತೆ ಹೊರಡುವಾಗ ಲಿವರ್ ಬಿಗಿಯಾಗಿ, ‘ಠಕ್’ ಎಂದು ಬಿಡಿಸಿಕೊಳ್ಳುವುದು ಅದಕ್ಕೇ. ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ‘ಪಿ’: ಇಳಿಜಾರಿನಲ್ಲಿ ಈ ಕ್ರಮವನ್ನು ತಪ್ಪಿಸಬಾರದು.

ಕಾಲಂ ಲಿವರನ್ನು ತನ್ನೆಡೆಗೆ ಎಳೆದರೆ ಮಾತ್ರ ‘ಪಿ’ಯ ಖಾಚಿನಿಂದ ಅದು ಬಿಡಿಸಿಕೊಳ್ಳುತ್ತದೆ. ಕೆಳಗೆ ಇಳಿದಂತೆ ರಿವರ್ಸ್, ನ್ಯೂಟ್ರಲ್, ಡ್ರೈವ್. ಲಿವರ್ ನಿಂತಿರುವ ಎತ್ತರವೇ ಗೇರ್ ಯಾವುದೆಂದು ತಿಳಿಸುತ್ತದೆ. ಕತ್ತಲಲ್ಲೂ ತುತ್ತು ನೇರವಾಗಿ ಬಾಯಿಗೇ ಹೋಗುತ್ತದಲ್ಲ, ಹಾಗೆ. ನಮ್ಮ ಸ್ನಾಯು, ಕೀಲುಗಳಲ್ಲಿರುವ ಸಂವೇದಕಗಳು ತೋಳು ಎಲ್ಲಿದೆ, ಎಷ್ಟು ಮಡಿಚಿದೆ ಎಂಬ ಸುದ್ದಿಯನ್ನು ಮಿದುಳಿಗೆ ಸದಾ ಮುಟ್ಟಿಸುತ್ತಿರುತ್ತವೆ. ಈ ಅರಿವು ನೆರವಾಗಬೇಕಾದರೆ ಲಿವರಿನ ಸ್ಥಾನಗಳ ಕ್ರಮ ಬದಲಾಗದೆ ಉಳಿಯಬೇಕು. ಮೊದಲ ಹೈಡ್ರಾಮ್ಯಾಟಿಕ್‌ಗಳಲ್ಲಿ ರಿವರ್ಸ್ ಕೊನೆಯಲ್ಲಿ, ಮುಂದಕ್ಕೆ ಒಯ್ಯುವ ‘ಲೋ’ ಗೇರಿಗೆ ಅಂಟಿಕೊಂಡೇ ಇತ್ತು. ಕೈ ಒಂದು ಹೆಜ್ಜೆ ತಪ್ಪಿದರೆ ವಾಹನ ಹೋಗುವ ದಿಕ್ಕೇ ತಿರುಗುಮುರುಗು. ಮುಂದಕ್ಕೂ ಹಿಂದಕ್ಕೂ ಒಯ್ಯುವ ಗೇರುಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂಬ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 1968ರಲ್ಲಿ.

ಕನ್ಸೋಲ್‌ನ ಹಳೆಯ ಲಿವರ್ ಕೂಡ ನಿಂತ ಜಾಗದಿಂದಲೇ ಗೇರನ್ನು ತಿಳಿಸುತ್ತದೆ, ಆ ಮಾತು ನಿಜ. ತೊಡಕು ಶುರುವಾದದ್ದು ಕೇಬಲಿನ ಜಾಗಕ್ಕೆ ವಿದ್ಯುತ್ ಸಂಕೇತ ಬಂದ ಮೇಲೆ. ಈಗ ಲಿವರ್ ಎಲ್ಲಿ ಬೇಕಾದರೂ ಇರಬಹುದು, ಹೇಗೆ ಬೇಕಾದರೂ ಇರಬಹುದು. 2013ರ ರಾಮ್ 1500 ಪಿಕಪ್‌ನಲ್ಲಿ ಅದು ರೇಡಿಯೊದ ತಿರುಗುಗುಂಡಿಯಂತಾಯಿತು. ಕೆಲವು ಜೀಪ್, ಡಾಜ್, ಕ್ರೈಸ್ಲರ್ ವಾಹನಗಳಲ್ಲಿ ಕನ್ಸೋಲ್‌ನ ಲಿವರ್ ಪ್ರತಿ ಬಾರಿ ಕೈಬಿಟ್ಟಾಗಲೂ ನಡುವಿಗೇ ಮರಳುತ್ತಿತ್ತು. ಯಾವ ಗೇರಿನಲ್ಲಿದ್ದರೂ ಕೈಗೆ ಒಂದೇ ಅನುಭವ. ‘ಪಿ’ಯಲ್ಲಿದೆ ಎಂದುಕೊಂಡು ಜನರು ಇಳಿದುಹೋದರು, ವಾಹನ ಉರುಳಿತು. 2016ರ ಏಪ್ರಿಲ್‌ನಲ್ಲಿ ಇವುಗಳ ತಯಾರಕ ಫಿಯಟ್ ಕ್ರೈಸ್ಲರ್ ಕಂಪನಿ ಇಂಥ ಸುಮಾರು 11 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಆ ಪಟ್ಟಿಯಲ್ಲಿದ್ದ ಮಾದರಿಯ ಜೀಪೊಂದು ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಮನೆಯಂಗಳದ ಇಳಿಜಾರಿನಲ್ಲಿ ಉರುಳಿ, ನಟ ಆಂಟನ್ ಯೆಲ್ಚಿನ್ ಅದಕ್ಕೂ ಇಟ್ಟಿಗೆಯ ಕಂಬಕ್ಕೂ ನಡುವೆ ಸಿಕ್ಕಿ ತೀರಿಕೊಂಡರು. ಅವರಿಗೆ ಆಗ 27 ವರ್ಷ. ಲಿವರಿನ ಸ್ಥಾನವನ್ನು ಬರೀ ಅಲಂಕಾರದ ಮಾತೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಲಂ ಲಿವರಿನಲ್ಲಿ ಕೊರತೆಯೂ ಉಂಟು. ಡ್ರೈವ್‌ಗೆ ಇಳಿಸಿದಾಗ ಆ ಉದ್ದನೆಯ ಲಿವರ್ ಡ್ಯಾಶ್‌ಬೋರ್ಡಿನ ಗುಂಡಿಗಳತ್ತ ಚಾಚುವ ಕೈಗೆ ಅಡ್ಡ ಬರುವುದುಂಟು. ಆದರೂ ಟ್ರೇಲರ್ ಎಳೆಯುವಾಗ ಒತ್ತಬೇಕಾದ ಗುಂಡಿಯನ್ನು ಅನೇಕ ಪಿಕಪ್‌ಗಳಲ್ಲಿ ಅದರ ತುದಿಯಲ್ಲೇ ಕೂರಿಸಿದ್ದಾರೆ. ಹೆಬ್ಬೆರಳಿಗೆ ಸಿಗುತ್ತದೆ, ನೋಟ ರಸ್ತೆಯಿಂದ ಕದಲುವುದಿಲ್ಲ.

2021ರ ಫೋರ್ಡ್ ಎಫ್-150ರಲ್ಲಿ ಕನ್ಸೋಲ್ ಲಿವರಿಗೆ ಒಂದು ಮೋಟಾರು ಜೋಡಿಸಿದರು. ಟ್ರಕ್ ‘ಪಿ’ಯಲ್ಲಿ ನಿಂತಿರುವಾಗ ಒಂದು ಗುಂಡಿ ಒತ್ತಿದರೆ ಲಿವರ್ ಮಡಿಚಿಕೊಂಡು ಒಳಗೆ ಮಲಗುತ್ತದೆ. ಮೇಲೆ ಮುಚ್ಚಳ ಹರಡಿದರೆ ಲ್ಯಾಪ್‌ಟಾಪ್ ಇಡಲು, ಊಟದ ಡಬ್ಬಿ ಬಿಚ್ಚಲು ಮೇಜು ಸಿದ್ಧ. ಅದೇ ಟ್ರಕ್ಕಿನ ಕಡಿಮೆ ಬೆಲೆಯ ಮಾದರಿಗಳಲ್ಲಿ ಲಿವರ್ ಕಾಲಂನಲ್ಲೇ ಇದೆ. ಅಲ್ಲಿ ನಡುವಿನ ಜಾಗದಲ್ಲಿ ಮೂರನೆಯವರು ಕೂರುತ್ತಾರೆ.