ಕೋಸ್ತಾ ಬ್ಲಾಂಕಾದಲ್ಲಿ ಮನೆ: ಮುಂಗಡ ಕೊಡುವ ಮುನ್ನ ತಾಳೆ ನೋಡಬೇಕಾದ ಕಾಗದಗಳು

ಸ್ಪೇನಿನ ಅಲಿಕಾಂತೆ ಪ್ರಾಂತ್ಯದ ಕೋಸ್ತಾ ಬ್ಲಾಂಕಾ ಕರಾವಳಿಯಲ್ಲಿ, ಉತ್ತರದ ದೆನಿಯಾದಿಂದ ದಕ್ಷಿಣದ ತೊರ್ರೆವಿಯೆಹಾದ ಆಚೆಯವರೆಗೆ, ಮನೆ ಕೊಳ್ಳುವವರಲ್ಲಿ ಹೊರದೇಶದವರೇ ಬಹಳ. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರೂ ಬೆಂಗಳೂರಿನಲ್ಲಿ ಕುಳಿತು ವಿಚಾರಿಸುವವರೂ ಮೊದಲು ಕೇಳುವುದು ಬೆಲೆಯನ್ನು. ಆದರೆ ಮೊದಲು ತಿಳಿಯಬೇಕಾದದ್ದು ಆ ಮನೆಯ ಬೆನ್ನಿಗೆ ಏನೇನು ಅಂಟಿಕೊಂಡು ಬರುತ್ತದೆ ಎಂಬುದನ್ನು. ಅಲ್ಲಿ ಅಡಮಾನ, ಮನೆಕಂದಾಯ, ಅಪಾರ್ಟ್‌ಮೆಂಟ್ ಸಂಘದ ಬಾಕಿ ಎಲ್ಲವೂ ಹಳೇ ಮಾಲೀಕ ಊರು ಬಿಟ್ಟರೂ ಮನೆಯಲ್ಲೇ ಉಳಿಯುತ್ತವೆ.

ನಮ್ಮವರು ಎಡವುವುದು ಹೆಚ್ಚಾಗಿ ನೋಟರಿಯ ವಿಷಯದಲ್ಲಿ. ಅಲ್ಲಿನ ನೊತಾರಿಯೊ ಅಫಿಡವಿಟ್ಟಿಗೆ ಮೊಹರು ಒತ್ತುವ ನಮ್ಮ ನೋಟರಿಯಂಥವರಲ್ಲ, ಸರ್ಕಾರ ನೇಮಿಸಿದ ಕಾನೂನು ಪರಿಣತರು. ಮಾರುವವರು ಯಾರು, ಅವರಿಗೆ ಹಕ್ಕಿದೆಯೇ, ನೋಂದಣಿಯಲ್ಲಿ ಋಣಭಾರ ಏನಿದೆ, ಹಣ ಯಾವ ದಾರಿಯಲ್ಲಿ ಬಂತು ಎಂಬುದನ್ನೆಲ್ಲ ಅವರು ನೋಡುತ್ತಾರೆ. ಈಜುಕೊಳಕ್ಕೆ ಪರವಾನಗಿ ಇತ್ತೇ, ಬಾಲ್ಕನಿಗೆ ಗಾಜು ಹಾಕಿ ಕೋಣೆ ಮಾಡಿಕೊಂಡದ್ದು ಸಕ್ರಮವೇ ಎಂದು ವಿಚಾರಿಸುವುದು ಅವರ ಕೆಲಸವಲ್ಲ. ಅದಕ್ಕೆ ಬೇರೆ ವಕೀಲರು ಬೇಕು, ಅದೂ ದಲ್ಲಾಳಿ ತೋರಿಸಿದ ವಕೀಲರಲ್ಲ, ನೀವೇ ಹುಡುಕಿಕೊಂಡವರು. ಅವರ ಶುಲ್ಕ ಸಾಮಾನ್ಯವಾಗಿ ಬೆಲೆಯ ಶೇ 1ರ ಆಸುಪಾಸು, ಮೇಲೆ ಶೇ 21 ತೆರಿಗೆ. ಈ ಖರ್ಚನ್ನು ಮಾತ್ರ ಉಳಿಸಲು ಹೋಗಬೇಡಿ.

ಕಾಗದಗಳಲ್ಲಿ ಮೊದಲನೆಯದು ‘ನೋತಾ ಸಿಂಪ್ಲೆ’. ನೋಂದಣಿ ಕಚೇರಿಯ ಜಾಲತಾಣದಲ್ಲಿ ಸುಮಾರು 10 ಯೂರೋಗೆ ಸಿಗುತ್ತದೆ. ನಮ್ಮ ಇ.ಸಿ. ಮತ್ತು ಕ್ರಯಪತ್ರದ ಚೆಕ್ಕುಬಂದಿ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಂತೆ ಇರುತ್ತದೆ. ಮೇಲೆ ಮನೆಯ ವಿವರಣೆ, ನಡುವೆ ಮಾಲೀಕರ ಹೆಸರು ಮತ್ತು ಪಾಲು, ಕೊನೆಗೆ ‘ಕಾರ್ಗಾಸ್’, ಅಂದರೆ ಋಣಭಾರ. ಈ ಕೊನೆಯ ಭಾಗದಲ್ಲಿ ‘ಅಫೆಕ್ಸಿಯೋನ್ ಫಿಸ್ಕಾಲ್’ ಎಂಬ ಸಾಲು ಕಂಡರೆ ಗಾಬರಿ ಬೇಡ, ಹಿಂದಿನ ವ್ಯವಹಾರದ ತೆರಿಗೆ ಮರುಪರಿಶೀಲನೆಗೆ ಇಟ್ಟ ಗುರುತು ಅದು. ‘ಇಪೋತೆಕಾ’ ಎಂದರೆ ಅಡಮಾನ, ‘ಎಂಬಾರ್ಗೊ’ ಎಂದರೆ ಜಪ್ತಿ. ಇವೆರಡು ಕಂಡರೆ ನಿಲ್ಲಬೇಕು. ಸಾಲ ತೀರಿಸಿ ಎಷ್ಟೋ ವರ್ಷವಾಗಿದ್ದರೂ ರದ್ದತಿ ಪತ್ರವನ್ನು ನೋಂದಾಯಿಸದೆ ಅಡಮಾನ ಹಾಗೇ ಉಳಿದಿರುವ ಮನೆಗಳು ಬೇಕಾದಷ್ಟಿವೆ. ರದ್ದತಿಯ ಖರ್ಚು ಮಾರುವವರದು. ಅಷ್ಟು ಹಣವನ್ನು ಕ್ರಯದ ದಿನ ಹಿಡಿದಿಟ್ಟುಕೊಳ್ಳಿ.

ಎರಡನೆಯದು ಕತಾಸ್ತ್ರೊ, ತೆರಿಗೆಗಾಗಿ ಇಟ್ಟ ಆಸ್ತಿ ದಾಖಲೆ. ನಮ್ಮ ಖಾತಾ ಇದ್ದ ಹಾಗೆ. ನೋತಾ ಸಿಂಪ್ಲೆಯಲ್ಲಿ 62 ಚದರ ಮೀಟರ್, ಕತಾಸ್ತ್ರೊದಲ್ಲಿ 84 ಎಂದಿದ್ದರೆ ಆ 22 ಮೀಟರ್ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಹೆಚ್ಚಾಗಿ ಅದು ಮುಚ್ಚಿದ ತಾರಸಿಯೋ, ಕೆಳಗಿನ ಗೋದಾಮನ್ನು ಮಲಗುವ ಕೋಣೆ ಮಾಡಿದ್ದೋ ಆಗಿರುತ್ತದೆ. ಕತಾಸ್ತ್ರೊದಲ್ಲಿ ಹೆಸರಿದೆ, ಕಂದಾಯ ಕಟ್ಟುತ್ತಿದ್ದಾರೆ ಎಂದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಬಿ ಖಾತಾ ಕಂಡ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರ ಹೊರಗಿನ ತೋಟದ ಬಂಗಲೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ‘ರುಸ್ತಿಕೊ’ ಎಂದು ವರ್ಗೀಕರಿಸಿದ ಕೃಷಿ ಜಮೀನಿನಲ್ಲಿ ಎದ್ದ ಮನೆಗೆ, ಕೆಡವುವ ಅವಧಿ ಮೀರಿದ್ದರೂ, ‘ಫುಯೆರಾ ದೆ ಓರ್ದೆನಾಸಿಯೋನ್’, ಅಂದರೆ ಯೋಜನಾ ನಿಯಮಕ್ಕೆ ಹೊರತಾದದ್ದು, ಎಂಬ ಹಣೆಪಟ್ಟಿ ಉಳಿಯುತ್ತದೆ. ದುರಸ್ತಿ ಮಾಡಿಸಬಹುದು, ವಿಸ್ತರಿಸುವ ಹಾಗಿಲ್ಲ. ಬ್ಯಾಂಕ್ ಸಾಲವೂ ಕಷ್ಟ. ಆಂಡಲೂಸಿಯಾದ ವೆರಾದಲ್ಲಿ 2008ರ ಜನವರಿಯಲ್ಲಿ ಬ್ರಿಟಿಷ್ ದಂಪತಿಯೊಬ್ಬರ ಮನೆಯನ್ನು ಕೆಡವಿದರು. ಆ ಮನೆಗೆ ಪುರಸಭೆಯ ಪರವಾನಗಿ ಇತ್ತು. ಆಂಡಲೂಸಿಯಾ ಪ್ರದೇಶದ ಸರ್ಕಾರ ಆ ಪರವಾನಗಿಯನ್ನೇ ಪ್ರಶ್ನಿಸಿ ರದ್ದು ಮಾಡಿಸಿತ್ತು. ಹಾಗಾಗಿ ಪರವಾನಗಿಯ ಪ್ರತಿಯ ಜೊತೆಗೆ ಜಮೀನಿನ ವರ್ಗ ಯಾವುದು, ಉಲ್ಲಂಘನೆಯ ಪ್ರಕರಣ ತೆರೆದಿದೆಯೇ ಎಂದು ಹೇಳುವ ಪುರಸಭೆಯ ಪ್ರಮಾಣಪತ್ರವನ್ನೂ ತರಿಸಿ.

ಸಮುದ್ರಕ್ಕೆ ಅಂಟಿಕೊಂಡ ಮನೆಗೆ 1988ರ ಕರಾವಳಿ ಕಾಯಿದೆ ಬೇರೆ ಅನ್ವಯಿಸುತ್ತದೆ. ತೀರದ ಸರ್ಕಾರಿ ಗೆರೆಯಿಂದ ಒಳಕ್ಕೆ 100 ಮೀಟರ್ ರಕ್ಷಣಾ ವಲಯ, ಕಾಯಿದೆ ಬರುವ ಮೊದಲೇ ನಗರವೆಂದು ಗುರುತಿಸಿದ್ದ ಜಾಗದಲ್ಲಿ 20 ಮೀಟರ್. ಮನೆ ಗೆರೆಯ ಸಮುದ್ರದ ಬದಿಗೆ ಬಿದ್ದರೆ ನಿಮಗೆ ಸಿಗುವುದು ಒಡೆತನವಲ್ಲ, ಅವಧಿಗೆ ಕಟ್ಟುಬಿದ್ದ ಬಳಕೆಯ ಹಕ್ಕು. 2013ರ ತಿದ್ದುಪಡಿಯ ಪ್ರಕಾರ ಅದರ ಗರಿಷ್ಠ ಅವಧಿ 75 ವರ್ಷ. ಸಮುದ್ರ ಕಾಣುವ ಮನೆಗೆ ಹೆಚ್ಚು ಬೆಲೆ ಕೊಡುವಾಗ ಕರಾವಳಿ ಇಲಾಖೆಯ ಗೆರೆ ಎಲ್ಲಿ ಹಾದಿದೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ‘ರಾಂಬ್ಲಾ’, ‘ಬರ್ರಾಂಕೊ’ ಎನ್ನುವ ಒಣಹಳ್ಳಗಳ ಅಂಚಿನ ಮನೆಗೂ ಹೀಗೇ ಪ್ರವಾಹ ನಕ್ಷೆ ನೋಡಬೇಕು. ವರ್ಷವೆಲ್ಲ ಬರಿದಾಗಿರುವ ಈ ಹಳ್ಳಗಳು ಶರತ್ಕಾಲದ ಒಂದು ಮಳೆಗೆ ಏನು ಮಾಡಬಲ್ಲವು ಎಂಬುದನ್ನು 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಕಂಡಿದೆ.

ಕಟ್ಟಡವನ್ನೂ ಮುಟ್ಟಿ ನೋಡಬೇಕು. 1960–70ರ ದಶಕದ ಕಡಲಂಚಿನ ಗೋಪುರಗಳಲ್ಲಿ ಬಾಲ್ಕನಿಯ ಕೆಳಮೈಯನ್ನು ಗಮನಿಸಿ: ಕಂದು ಕಲೆ, ಕೂದಲೆಳೆಯ ಬಿರುಕು, ಹೊಸದಾಗಿ ಬಳಿದ ಒಂದೇ ಒಂದು ಪಟ್ಟಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಉಪ್ಪುಗಾಳಿ ಒಳಗಿನ ಕಬ್ಬಿಣಕ್ಕೆ ತಲುಪಿದೆ ಎಂದೇ ತಿಳಿಯಿರಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆ ಕಾಲದ ತೊಲೆಗಳಲ್ಲಿ ಬೇಗ ಗಟ್ಟಿಯಾಗುವ ಅಲ್ಯೂಮಿನಾ ಸಿಮೆಂಟ್ ಬಳಸಿದ್ದೂ ಉಂಟು. ತೇವ, ಬಿಸಿ ಎರಡೂ ಸೇರಿದರೆ ಅದು ಶಕ್ತಿ ಕಳೆದುಕೊಳ್ಳುತ್ತದೆ. 1990ರಲ್ಲಿ ಬಾರ್ಸಿಲೋನಾದ ತುರೊ ದೆ ಲಾ ಪೆಯ್ರಾ ಬಡಾವಣೆಯಲ್ಲಿ ಕಟ್ಟಡ ಕುಸಿದ ಮೇಲೆ ಈ ಸಂಗತಿ ದೇಶಕ್ಕೆಲ್ಲ ಗೊತ್ತಾಯಿತು. ಇಂಥ ದುರಸ್ತಿಗೆ ಸಂಘದವರು ಎತ್ತುವ ವಿಶೇಷ ವಂತಿಗೆಗೆ ‘ದೆರ್ರಾಮಾ’ ಎನ್ನುತ್ತಾರೆ. ಸಂಘದ ಕಳೆದ ಮೂರು ವರ್ಷಗಳ ಸಭಾ ನಡಾವಳಿ ಓದಿದರೆ ಬರಲಿರುವ ದೆರ್ರಾಮಾ ಅದರಲ್ಲೇ ಕಾಣುತ್ತದೆ. ಸಂಘದ ‘ಬಾಕಿ ಇಲ್ಲ’ ಪತ್ರವನ್ನು ಬಿಟ್ಟುಕೊಡಬೇಡಿ, “ಬೇಡ ಬಿಡಿ, ಎಲ್ಲ ಕಟ್ಟಿದ್ದಾರೆ” ಎಂದು ಯಾರು ಹೇಳಿದರೂ ಸರಿ. ಚಾಲ್ತಿ ವರ್ಷ ಮತ್ತು ಹಿಂದಿನ ಮೂರು ವರ್ಷಗಳ ಬಾಕಿಗೆ ಕಾನೂನು ಮನೆಯನ್ನೇ ಹೊಣೆಯಾಗಿಸಿದೆ.

ಇಷ್ಟೂ ತಾಳೆಯಾದ ಮೇಲೆ ಮುಂಗಡ. ‘ಆರ್ರಾಸ್’ ಎಂಬ ಈ ಕರಾರಿನಲ್ಲಿ ವಾಡಿಕೆಯಾಗಿ ಬೆಲೆಯ ಶೇ 10 ಕೊಡುತ್ತಾರೆ. ಅದು ‘ಪೆನಿತೆನ್ಸಿಯಾಲೆಸ್’ ಬಗೆಯದು, ಸಿವಿಲ್ ಸಂಹಿತೆಯ 1454ನೇ ವಿಧಿಗೆ ಒಳಪಟ್ಟದ್ದು ಎಂದು ಸ್ಪಷ್ಟವಾಗಿ ಬರೆದಿರಬೇಕು. ಆಗ ನೀವು ಹಿಂದೆ ಸರಿದರೆ ಮುಂಗಡ ಹೋಗುತ್ತದೆ, ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಬ್ಯಾಂಕ್ ಸಾಲ ಸಿಗದಿದ್ದರೆ ಹಣ ವಾಪಸ್ ಎಂಬ ಷರತ್ತು ತಾನಾಗಿ ಬರುವುದಿಲ್ಲ, ಬರೆಸಿಕೊಳ್ಳಬೇಕು. ಅಲ್ಲಿ ವಾಸವಿಲ್ಲದವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ 60–70ರಷ್ಟು ಮಾತ್ರ ಸಾಲ ಕೊಡುತ್ತವೆ.

ಖರ್ಚಿನ ಲೆಕ್ಕ 2,00,000 ಯೂರೋಗಳ ಹಳೇ ಫ್ಲಾಟಿಗೆ ಹೀಗೆ: ಅಲಿಕಾಂತೆ ಸೇರಿರುವ ವಲೆನ್ಸಿಯಾ ಪ್ರದೇಶದಲ್ಲಿ ವರ್ಗಾವಣೆ ತೆರಿಗೆ ಶೇ 10 ಇತ್ತು, 2026ರ ಜೂನ್ 1ರಿಂದ ಶೇ 9, ಅಂದರೆ 18,000. ವಕೀಲರಿಗೆ 2,420. ನೊತಾರಿಯೊ ಮತ್ತು ನೋಂದಣಿಗೆ ಸುಮಾರು 1,500. ಎಲ್ಲ ಸೇರಿ 22,000ದ ಹತ್ತಿರ. ಒಂದು ಗುಂಡಿ ಇದೆ: 2022ರಿಂದ ತೆರಿಗೆಯ ಲೆಕ್ಕಕ್ಕೆ ಕತಾಸ್ತ್ರೊದ ‘ವಾಲೋರ್ ದೆ ರೆಫೆರೆನ್ಸಿಯಾ’ ಕನಿಷ್ಠ ಮಿತಿ, ನಮ್ಮ ಮಾರ್ಗಸೂಚಿ ದರದ ಹಾಗೆ. ಆ ಮೌಲ್ಯ 2,30,000 ಇದ್ದರೆ ನೀವು ಚೌಕಾಸಿ ಮಾಡಿ ಎಷ್ಟೇ ಇಳಿಸಿದ್ದರೂ ತೆರಿಗೆ 20,700.

ಮಾರುವವರು ಸ್ಪೇನಿನ ನಿವಾಸಿಗಳಲ್ಲದಿದ್ದರೆ ಬೆಲೆಯ ಶೇ 3, ಇಲ್ಲಿ 6,000, ಹಿಡಿದುಕೊಂಡು ಒಂದು ತಿಂಗಳೊಳಗೆ 211ನೇ ನಮೂನೆಯಲ್ಲಿ ಖಜಾನೆಗೆ ಕಟ್ಟುವುದು ನಿಮ್ಮ ಹೊಣೆ. ಜಮೀನಿನ ಮೌಲ್ಯ ಏರಿದ್ದಕ್ಕೆ ಪುರಸಭೆ ಹಾಕುವ, ಅವರ ಪಾಲಿನ ‘ಪ್ಲುಸ್ವಾಲಿಯಾ’ ತೆರಿಗೆಯನ್ನೂ ಆಗ ನಿಮ್ಮಿಂದಲೇ ವಸೂಲು ಮಾಡುತ್ತಾರೆ. ಆ ಮೊತ್ತವನ್ನೂ ಕ್ರಯದ ದಿನವೇ ಕಳೆದುಕೊಂಡು ಉಳಿದದ್ದನ್ನು ಕೊಡಿ.

ಭಾರತದಿಂದ ಹಣ ಕಳಿಸುವವರು ಮುಂಗಡಕ್ಕೂ ಮೊದಲೇ ತಾರೀಖು ಲೆಕ್ಕ ಹಾಕಬೇಕು. ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಮೇಲಿನ ಲೆಕ್ಕದ 2,22,000 ಯೂರೋ ಈ ಗೆರೆಯನ್ನು ದಾಟಬಹುದು. ಗಂಡ–ಹೆಂಡತಿ ಇಬ್ಬರ ಹೆಸರಿಗೂ ಕೊಳ್ಳುವುದು ಒಂದು ದಾರಿ, ಮಾರ್ಚ್ ಮತ್ತು ಏಪ್ರಿಲ್‌ಗೆ ಹಂಚಿ ಕಳಿಸುವುದು ಇನ್ನೊಂದು. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ: ಒಂದು ಕೋಟಿಗೆ 18 ಲಕ್ಷ. ಆದಾಯ ತೆರಿಗೆಯಲ್ಲಿ ಹೊಂದಿಕೆಯಾಗುತ್ತದಾದರೂ ಅಷ್ಟು ನಗದು ಕೈಯಲ್ಲಿರಬೇಕು. ಇದಕ್ಕಾಗಿ ಭಾರತದ ಬ್ಯಾಂಕಿನಲ್ಲಿ ಸಾಲ ತೆಗೆಯುವಂತಿಲ್ಲ. ನೀವು ಹೋಗದೆ ಮುಖ್ತ್ಯಾರನಾಮೆಯ ಮೇಲೆ ಕೊಳ್ಳುವುದಾದರೆ ಆ ಪತ್ರಕ್ಕೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ (ಹೊರದೇಶದಲ್ಲಿ ಬಳಸಲು ಕೊಡುವ ದೃಢೀಕರಣ) ಮತ್ತು ಅಧಿಕೃತ ಸ್ಪ್ಯಾನಿಷ್ ಅನುವಾದ ಬೇಕು. ಎನ್‌ಐಇ ಎಂಬ ವಿದೇಶಿಯರ ಗುರುತಿನ ಸಂಖ್ಯೆ ಇಲ್ಲದೆ ಯಾವ ಹೆಜ್ಜೆಯೂ ಮುಂದೆ ಸಾಗದು. ಮನೆ ಕೊಂಡರೆ ವಾಸದ ವೀಸಾ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ಯೋಜನೆ 2025ರ ಏಪ್ರಿಲ್ 3ಕ್ಕೆ ಮುಗಿದಿದೆ. ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಆಲೋಚನೆಗೂ ಅದೇ ದಿನದಿಂದ ಅಪಾರ್ಟ್‌ಮೆಂಟ್ ಸಂಘದ ಐದರಲ್ಲಿ ಮೂರು ಪಾಲು ಒಪ್ಪಿಗೆ ಬೇಕಾಗಿದೆ.

ಕ್ರಯಪತ್ರಕ್ಕೆ ಸಹಿಯಾದ ದಿನವೇ ಅದರ ಸಾರ ಆನ್‌ಲೈನಿನಲ್ಲಿ ನೋಂದಣಿ ಕಚೇರಿ ಸೇರುವಂತೆ ನೊತಾರಿಯೊಗೆ ಹೇಳಿ. ನಡುವೆ ಇನ್ನೊಬ್ಬರ ಜಪ್ತಿ ನುಸುಳದಂತೆ ಕಾಯುವುದು ಆ ಸರದಿ. ಮನೆ ಖಾಲಿ ಇಟ್ಟರೂ ಕತಾಸ್ತ್ರೊ ಮೌಲ್ಯದ ಶೇ 1.1 ಅಥವಾ 2ನ್ನು ಆದಾಯವೆಂದು ಎಣಿಸಿ, ಐರೋಪ್ಯ ಒಕ್ಕೂಟದ ಹೊರಗಿನ ನಿವಾಸಿಗಳಿಗೆ ಅದರ ಮೇಲೆ ಶೇ 24 ತೆರಿಗೆ ಹಾಕುತ್ತಾರೆ. 210ನೇ ನಮೂನೆಯನ್ನು ಮುಂದಿನ ವರ್ಷದ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಭಾರತದ ನಿವಾಸಿಗಳು ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲೂ ಈ ಮನೆಯನ್ನು ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡದವರೆಗೆ ಹೋಗಬಹುದು. ಆ ಪಟ್ಟಿ ಏಪ್ರಿಲ್–ಮಾರ್ಚ್ ಲೆಕ್ಕದ್ದಲ್ಲ, ಕ್ಯಾಲೆಂಡರ್ ವರ್ಷದ್ದು. 2026ರ ಫೆಬ್ರುವರಿಯಲ್ಲಿ ಕೊಂಡ ಮನೆ ಬರುವುದು 2026–27ನೇ ಆರ್ಥಿಕ ವರ್ಷದ ರಿಟರ್ನ್‌ನಲ್ಲಿ.